ಮೂರು ದಿನ ನನ್ನ ಕೊರಳಲ್ಲಿದ್ದ ಸರ

ನಾನು ಕುವೈತಿನ ಜಾಬ್ರಿಯಾದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ದಿನಕ್ಕೆ ನಲವತ್ತು ಜನರ ಕೈಗೆ ಸೂಜಿ ಚುಚ್ಚಿ ರಕ್ತ ತೆಗೆಯುವವಳು. ದೊಡ್ಡ ದೊಡ್ಡ ಗಂಡಸರು ನನ್ನನ್ನು ಕಂಡೊಡನೆ ಮುಖ ತಿರುಗಿಸಿ ಕಣ್ಣು ಮುಚ್ಚುತ್ತಾರೆ. ಆದರೆ ನನ್ನಷ್ಟು ಪುಕ್ಕಲು ಹೆಂಗಸು ಖೈತಾನಿನ ನಮ್ಮ ಕಟ್ಟಡದಲ್ಲಿ ಇನ್ನೊಬ್ಬಳಿಲ್ಲ. ಲಿಫ್ಟ್ ನಿಂತರೆ ಹೆದರಿಕೆ, ಇಲ್ಲಿ ಇರಲಿಕ್ಕೆ ಬೇಕಾದ ಇಕಾಮಾ ಮುಗಿಯುವ ತಿಂಗಳು ಬಂದರೆ ಹೆದರಿಕೆ. ಹೋದ ವರ್ಷ ರಜೆಗೆ ಹೊರಡುವ ಮೊದಲು ಹುಟ್ಟಿದ ಹೆದರಿಕೆ ಮಾತ್ರ ಬೇರೆಯದೇ. ಅದು ನನ್ನ ಮನೆಯ ಸೋಫಾದ ಮೇಲೆಯೇ ಕೂತು ನಾನು ಮಾಡಿಕೊಟ್ಟ ಚಹಾ ಕುಡಿಯುತ್ತಿತ್ತು.

ನಮ್ಮ ಮಹಡಿಯಲ್ಲಿ ಒಂದು ರೂಢಿ ಇದೆ. ಊರಿಗೆ ಹೊರಟವರು ಸೂಟ್‌ಕೇಸನ್ನು ಅರ್ಧ ಖಾಲಿ ಬಿಡಬೇಕು. ಆ ಅರ್ಧ ಮಹಡಿಯವರದ್ದು. ಹಾಲಿನ ಪುಡಿ, ನೋವಿನ ಬಾಮು, ಯಾರದೋ ಅತ್ತೆಯ ಮಾತ್ರೆ, ಯಾರದೋ ಮೊಮ್ಮಗಳ ಫ್ರಾಕು, ಮಂಗಳೂರು ಉಡುಪಿ ಕಡೆಗೆ ಹೋಗಬೇಕಾದದ್ದೆಲ್ಲ ಅದರೊಳಗೆ. ಬೇಡ ಎನ್ನುವ ಹಾಗಿಲ್ಲ. ಬಂಗಾರವಾದರೆ ಕ್ರಮವೇ ಬೇರೆ. ಅದನ್ನು ಪೆಟ್ಟಿಗೆಗೆ ಹಾಕುವುದಿಲ್ಲ, ಹೊರಟ ಹೆಂಗಸಿನ ಕೊರಳಿಗೇ ಹಾಕುತ್ತಾರೆ. ಕೊಡುವವಳು ತನ್ನ ಕೈಯಾರೆ ಕೊಂಡಿ ಸಿಕ್ಕಿಸಬೇಕು, ಊರಿನಲ್ಲಿ ಪಡೆಯುವವಳೇ ಬಿಚ್ಚಬೇಕು. ಹೊಸ ಸರದ ಥಳುಕು ಕಸ್ಟಮ್ಸಿನವರ ಕಣ್ಣಿಗೆ ಬೀಳದಿರಲಿ ಎಂದು ಮೂರು ದಿನ ಮೊದಲೇ ಹಾಕಿಕೊಂಡು, ಅದರಲ್ಲೇ ಅಡುಗೆ ಮಾಡಿ, ಅದರಲ್ಲೇ ಮಲಗಿ, ಬೆವರು ತಾಗಿಸಿ ನಮ್ಮದೇ ಎನ್ನುವ ಹಾಗೆ ಮಾಡಿಕೊಳ್ಳಬೇಕು. ಚೀಟಿ ಬರೆಯುವುದಿಲ್ಲ, ತೂಕ ಮಾಡುವುದಿಲ್ಲ.

ಎದುರು ಬಾಗಿಲಿನ ಬ್ಯಾರಿ ಅಕ್ಕ ನನ್ನ ಸ್ವಂತ ಅಕ್ಕನಿಗಿಂತ ಹೆಚ್ಚು. ನನ್ನ ಮಗಳು ಹುಟ್ಟಿದಾಗ ನಲವತ್ತು ದಿನ ಗಂಜಿ ಬೇಯಿಸಿ ತಂದವಳು ಅವಳು. ಅವಳ ಗಂಡನದು ಕೆಳಗಿನ ಬೀದಿಯಲ್ಲಿ ಬಕಾಲಾ, ಸಣ್ಣ ದಿನಸಿ ಅಂಗಡಿ. ಊರಿನಲ್ಲಿ ಅಜ್ಜಿಯ ಜೊತೆಗಿದ್ದು ಓದುತ್ತಿದ್ದ ಅವಳ ದೊಡ್ಡ ಮಗಳಿಗೆ ನಿಖಾ ಗೊತ್ತಾಗಿತ್ತು. ನಾವು ಹೊರಡುವ ಮೂರು ದಿನ ಮೊದಲು, ಸಂಜೆ, ಅವಳು ಸೆರಗಿನ ಒಳಗೆ ಸಣ್ಣ ಕೆಂಪು ಡಬ್ಬಿ ಹಿಡಿದುಕೊಂಡು ಬಂದಳು.

"ನಾನು ನಿಖಾದ ಹಿಂದಿನ ವಾರ ಹೋಗುವುದು. ನನ್ನ ಮೈಮೇಲೆ ಎಷ್ಟು ಹಾಕಬಹುದೋ ಅಷ್ಟು ಉಂಟು. ಇದೊಂದು ಸರ ನೀನು ತಕೊಂಡು ಹೋಗಿ ನನ್ನ ಉಮ್ಮನ ಕೈಗೆ ಕೊಡು, ಆಯ್ತಾ?" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಸೋಫಾದಿಂದ ಇವರ ದನಿ ಬಂತು. ಇವರು ಎಂದರೆ ನನ್ನ ಗಂಡ. "ಕೊಡಿ ಅಕ್ಕ, ಅದಕ್ಕೆಂತ ಕೇಳುವುದು? ನಾವು ಮುಟ್ಟಿಸ್ತೇವೆ. ಎಷ್ಟು ಪವನ್?"

"ಐದು ಪವನ್, ಅಣ್ಣ. ನಲವತ್ತು ಗ್ರಾಂ."

ಅಕ್ಕ ನನ್ನ ಜಡೆ ಸರಿಸಿ ಕೊಂಡಿ ಸಿಕ್ಕಿಸಿದಳು. ಬಿಸ್ಮಿಲ್ಲಾ ಎಂದಳು. ಮದುವೆಯ ಬಂಗಾರ, ಬೇಡ ಎಂದರೆ ಅಪಶಕುನ. ನಾನು ತಲೆ ಬಗ್ಗಿಸಿ ನಿಂತೆ. ನನ್ನ ಕೊರಳಿಗೆ ಬಿದ್ದದ್ದು ಐದು ಪವನ್, ಎದೆಗೆ ಕೂತದ್ದು ಐದು ಮಣ.

ಯಾಕೆ ಎಂದು ಹೇಳಬೇಕಾದರೆ ಇವರ ವಿಷಯ ಹೇಳಬೇಕು. ಇವರು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಒಂದು ಗುತ್ತಿಗೆ ಕಂಪನಿಯ ಪಂಪು ರಿಪೇರಿಯ ಫೋರ್‌ಮನ್. ಕೆಲಸದಲ್ಲಿ ಒಂದು ಬೊಟ್ಟು ತೋರಿಸುವ ಹಾಗಿಲ್ಲ. ನಾಲ್ಕು ವರ್ಷದ ಹಿಂದೆ ಮಂಗಳೂರಿನ ಟಿಕೆಟ್ ದುಬಾರಿ, ಗೋವಾದ್ದು ಅಗ್ಗ ಎಂದು ಕಂಪನಿ ಬಸ್ಸಿನ ಎಂಟು ಜನ ಒಟ್ಟಿಗೆ ಗೋವಾಕ್ಕೆ ಹೋದರು, ಅಲ್ಲಿಂದ ರೈಲಿನಲ್ಲಿ ಉಡುಪಿಗೆ ಎಂದು. ನಡುವೆ ಒಂದು ದಿನ ಇತ್ತು. ಆ ದಿನ ಅವರು ಹೊಳೆಯಲ್ಲಿ ಲಂಗರು ಹಾಕಿ ನಿಂತ ಕ್ಯಾಸಿನೋ ಹಡಗು ಹತ್ತಿದರು.

ಆ ವರ್ಷ ನಗುತ್ತಾ ಬಂದರು. ಎಂಥ ಊಟ, ಎಂಥ ಹಾಡು, ಹೆಂಗಸರೂ ಬರ್ತಾರೆ, ಮಕ್ಕಳಿಗೆ ಆಡಲಿಕ್ಕೆ ಬೇರೆ ಕೋಣೆಯೇ ಉಂಟು! ಇಲ್ಲಿ ಕುವೈತಿನಲ್ಲಿ ಇಸ್ಪೀಟಿಗೆ ದುಡ್ಡು ಕಟ್ಟಿ ಸಿಕ್ಕಿಬಿದ್ದರೆ ಖಲಾಸ್, ಊರಿನ ದಾರಿ ಹಿಡಿಯಬೇಕು. ಆದ್ದರಿಂದ ಇವರು ಇಲ್ಲಿ ಒಂದು ಎಲೆ ಮುಟ್ಟಿದವರಲ್ಲ. ಅಲ್ಲಿ ಮಾತ್ರ "ಲೀಗಲ್ ಮಾರಾಯ್ತಿ, ಸರಕಾರವೇ ಲೈಸೆನ್ಸ್ ಕೊಟ್ಟಿದೆ" ಎಂಬುದು ಇವರ ಮಂತ್ರ. ನನಗೆ ಹೆದರಿಕೆ ಹುಟ್ಟಿಸಿದ್ದೇ ಆ ಮಾತು. ಕದ್ದು ಮಾಡುವ ಕೆಲಸವಾದರೆ ಮನುಷ್ಯ ಒಂದು ಕಣ್ಣು ಬಾಗಿಲ ಮೇಲೆ ಇಟ್ಟಿರುತ್ತಾನೆ, ಬೇಗ ಏಳುತ್ತಾನೆ. ಕೈಮುಗಿದು, ಹೆಂಡತಿ ಮಕ್ಕಳ ಸಮೇತ ಒಳಗೆ ಕರೆಯುವ ಜಾಗದಲ್ಲಿ ಅವನನ್ನು ಎಬ್ಬಿಸುವವರು ಯಾರು?

ಮರುವರ್ಷದಿಂದ ಆ ಎಂಟು ಮನೆಗಳಲ್ಲಿ ಒಂದೊಂದೇ ಸದ್ದಿಲ್ಲದೆ ಸಡಿಲವಾಯಿತು. ಒಬ್ಬರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ಫ್ಲ್ಯಾಟ್ ಬಿಟ್ಟು, ಆರು ಜನರ ಕೋಣೆಯಲ್ಲಿ ಒಂದು ಮಂಚಕ್ಕೆ ಹೋದರು. ಇನ್ನೊಬ್ಬರನ್ನು ಬ್ಯಾಂಕಿನ ಸಾಲ ಕಟ್ಟಿಲ್ಲವೆಂದು ಏರ್‌ಪೋರ್ಟಿನಿಂದಲೇ ಹಿಂದೆ ಕಳಿಸಿದರು. ಪಾಪ, ಅವರು ತಮ್ಮ ಸೂಟ್‌ಕೇಸಿನಲ್ಲಿದ್ದ ಊರವರ ಹಾಲಿನ ಪುಡಿ, ಬಾಮುಗಳನ್ನು ಮನೆಮನೆಗೆ ತಿರುಗಿ ವಾಪಸು ಕೊಟ್ಟರು. ಶುಕ್ರವಾರದ ವಾಲಿಬಾಲ್ ನಿಂತಿತು. ನಮ್ಮ ಮಹಡಿಯ ಹೆಂಗಸರ ತಿಂಗಳ ಚೀಟಿಯೂ ನಿಂತಿತು. ಹಡಗಿನ ಹೆಸರು ಯಾರೂ ಎತ್ತಲಿಲ್ಲ. "ಬಿಸಿನೆಸ್ಸಿನಲ್ಲಿ ಸ್ವಲ್ಪ ಲಾಸ್" ಎಂದರು, ನಾವು ನಂಬಿದ ಹಾಗೆ ಮಾಡಿದೆವು. ಯಾರ ಮನೆ ಒಳಗಿಂದ ಟೊಳ್ಳಾಗಿದೆ ಎಂದು ತಿಳಿಯದೆ ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಲ್ಲಿ ನೋಡತೊಡಗಿದೆವು.

ನನ್ನ ಮನೆಯ ವಿಷಯ ನನಗೆ ಗೊತ್ತಿತ್ತು. ನನ್ನ ನಾಲ್ಕು ಬಳೆ ಎರಡು ವರ್ಷದಿಂದ ಉಡುಪಿಯಲ್ಲಿ ಸಾಲಕ್ಕೆ ಅಡವು ಕೂತಿದ್ದವು. ಪಾಲಿಶ್ ಮಾಡಿಸ್ತೇನೆ ಎಂದು ಇವರು ತೆಗೆದುಕೊಂಡು ಹೋಗಿದ್ದರು. ಕೇಳಿದವರಿಗೆಲ್ಲ "ಲ್ಯಾಬಿನಲ್ಲಿ ಬಳೆ ಹಾಕಬಾರದು" ಎಂದು ಹೇಳಿ ಹೇಳಿ ನಾನೂ ಆ ಸುಳ್ಳಿಗೆ ಒಗ್ಗಿಹೋಗಿದ್ದೆ.

ಸರ ಹಾಕಿಕೊಂಡ ಮರುದಿನ ಇವರು ನನ್ನನ್ನು ನೋಡತೊಡಗಿದರು. ಹನ್ನೆರಡು ವರ್ಷದ ಸಂಸಾರದಲ್ಲಿ ನಾನು ಹೊಸ ಸೀರೆ ಉಟ್ಟರೂ ಟಿವಿಯಿಂದ ಕಣ್ಣು ತೆಗೆಯದ ಮನುಷ್ಯ, ಅನ್ನ ಬಡಿಸಲು ಬಗ್ಗಿದರೆ ಕೊರಳು ನೋಡುತ್ತಿದ್ದರು. ಮೊಸರು ನಾನು ಕೇಳುವ ಮೊದಲೇ ತಂದರು. ನನ್ನ ಬೆನ್ನುನೋವು ಹೇಗಿದೆ ಎಂದು ವಿಚಾರಿಸಿದರು. ನನಗೆ ಅಳು ಬಂತು, ಇಷ್ಟು ಪ್ರೀತಿ ಯಾಕೆ ಎಂದು ತಿಳಿದಿದ್ದಕ್ಕೆ. ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ಹಿಂದಿನಿಂದ ಬಂದು, "ಕೊಂಡಿ ಗಟ್ಟಿ ಉಂಟಾ ನೋಡ್ತೇನೆ" ಎಂದು ಕತ್ತಿನ ಹಿಂದೆ ಬೆರಳಿಟ್ಟರು. ಪಂಪಿನ ಸಣ್ಣ ಸಣ್ಣ ತಿರುಪು ಬಿಚ್ಚುವ ಬೆರಳು.

ಅದೇ ದಿನ ಇವರ ಫೋನು ಮೇಜಿನ ಮೇಲೆ ಮಿನುಗಿತು, ಗೋವಾದ ಆ ಹಡಗಿನವರ ಸಂದೇಶ. ಸ್ವಾಗತ ಸರ್, ನಿಮ್ಮ ಕುಟುಂಬಕ್ಕೆ ಎರಡು ದಿನದ ಕೋಣೆ ಕಾದಿರಿಸಿದೆ, ಮಕ್ಕಳ ಆಟದ ಕೋಣೆ ಉಚಿತ. ಈ ಬಾರಿಯೂ ಟಿಕೆಟ್ ಗೋವಾಕ್ಕೇ, ಆದರೆ ಇಳಿದ ಕೂಡಲೇ ರೈಲು ಎಂದು ಇವರು ನನಗೆ ಆಣೆ ಹಾಕಿ ಹೇಳಿದ್ದರು.

ಆ ರಾತ್ರಿ ಸರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದೆ. ಹೇಳಿದರೆ ನನ್ನ ಸಂಸಾರದ ಮಾನ ಹೋಗುತ್ತದೆ. ಹೇಳದಿದ್ದರೆ ಮದುಮಗಳ ಕೊರಳು ಬರಿದಾಗುತ್ತದೆ, ಅವಳಮ್ಮನ ಎದುರು ನಾನು ಸತ್ತ ಹಾಗೆ. ಕಿತ್ತುಕೊಳ್ಳುವವರಲ್ಲ ಇವರು, ಅದು ನನಗೆ ಗೊತ್ತು. ಒಳ್ಳೆಯ ಮಾತಿನಲ್ಲಿ ಕೇಳುತ್ತಾರೆ, ಒಂದು ಗಂಟೆಯಲ್ಲಿ ಬಿಡಿಸಿ ಕೊಡ್ತೇನೆ ಎನ್ನುತ್ತಾರೆ. ನಾನು ಕೊಡುತ್ತೇನೆ. ಬಳೆಗಳನ್ನೂ ನಾನೇ ಬಿಚ್ಚಿ ಕೊಟ್ಟವಳಲ್ಲವೇ! ಎಲ್ಲಕ್ಕಿಂತ ದೊಡ್ಡ ಹೆದರಿಕೆ ನನಗೆ ನನ್ನದೇ ಕೈಯದ್ದಾಗಿತ್ತು.

ಶುಕ್ರವಾರ ಮಧ್ಯಾಹ್ನ ಇವರು ಕ್ಷೌರಕ್ಕೆ ಹೋದಾಗ ಅಕ್ಕ ಅಕ್ಕಿರೊಟ್ಟಿ, ಕೋಳಿ ಸಾರು ತಂದಳು. ನಾನು ಬಾಗಿಲಲ್ಲೇ ಹೇಳಿದೆ, "ಅಕ್ಕ, ಈ ಸರ ನಾನು ತಕೊಂಡು ಹೋಗುವುದಿಲ್ಲ. ನೀವೇ ಬಿಚ್ಚಿ."

"ಹೆದರಬೇಡ ಮಾರಾಯ್ತಿ, ಇಷ್ಟೆಲ್ಲ ಹೆಂಗಸರಿಗೆ ಬಿಡ್ತಾರೆ ಕಸ್ಟಮ್ಸಿನವರು."

"ಕಸ್ಟಮ್ಸಿನವರ ಹೆದರಿಕೆ ಅಲ್ಲ ಅಕ್ಕ. ಇವರ ಹೆದರಿಕೆ. ಗೋವಾದಲ್ಲಿ ಹಡಗಿಗೆ ಹೋಗ್ತಾರೆ, ಅಲ್ಲಿ ಆಡ್ತಾರೆ."

ಅವಳು ತಟ್ಟೆಯನ್ನು ಕೆಳಗಿಟ್ಟಳು. ನನ್ನ ಬರಿಗೈಗಳನ್ನು ನೋಡಿದಳು, ತುಂಬ ಹೊತ್ತು. ಲ್ಯಾಬಿನ ಕಥೆ ಅವಳಿಗೆ ಆಗ ಅರ್ಥವಾಗಿರಬೇಕು. ಕೊಂಡಿ ಬಿಚ್ಚಿ ಸರವನ್ನು ತನ್ನ ಕೊರಳಿಗೇ ಹಾಕಿಕೊಂಡಳು. "ಯಾರಿಗೂ ಹೇಳುವುದಿಲ್ಲ" ಎಂದಳು.

ಅವಳು ಹೇಳಿರಲಿಕ್ಕಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನನ್ನ ಕೊರಳಲ್ಲಿ ಕಂಡಿದ್ದ ಸರವನ್ನು ಆ ಸಂಜೆ ಲಿಫ್ಟಿನಲ್ಲಿ ಅವಳ ಕೊರಳಲ್ಲಿ ನೋಡಿದವರಿಗೆ ಸಾಕಾಯಿತು. ಕೊಟ್ಟ ಬಂಗಾರ ನಮ್ಮ ಮಹಡಿಯಲ್ಲಿ ಯಾವತ್ತೂ ವಾಪಸು ಪಡೆದದ್ದಿಲ್ಲ. ಮೂಲೆಮನೆಯವಳು ಬಂದು, "ಅಮ್ಮನಿಗೆ ಬಾಮು ಬೇಡವಂತೆ" ಎಂದು ಕೊಟ್ಟಿದ್ದ ಪೊಟ್ಟಣ ತೆಗೆದುಕೊಂಡು ಹೋದಳು. ಇನ್ನೊಬ್ಬಳು ಫೋನಿನಲ್ಲೇ, "ಈ ಸಲ ಏನೂ ಇಲ್ಲ" ಎಂದಳು. ಒಂದು ಬಾಮಿನ ಡಬ್ಬಿಗೂ ನಮ್ಮನ್ನು ನಂಬಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ನಾನು ಕೊರಳಿಗೆ ದುಪಟ್ಟಾ ಸುತ್ತಿಕೊಂಡು ಮರುದಿನ ಹೊರಡುವವರೆಗೆ ಇವರ ಎದುರು ಓಡಾಡಿದೆ.

ಏರ್‌ಪೋರ್ಟಿನ ತಕ್ಕಡಿಯ ಮೇಲೆ ಸೂಟ್‌ಕೇಸ್ ಇಟ್ಟಾಗ ಇವರು ಹುಬ್ಬೇರಿಸಿದರು. ಪ್ರತಿ ವರ್ಷ ಭಾರ ಹೆಚ್ಚಾಗಿ ಅಲ್ಲೇ ನೆಲದ ಮೇಲೆ ಬಿಚ್ಚಿ ಹಂಚಿಕೊಳ್ಳುವವರು ನಾವು.

"ಯಾರೂ ಏನೂ ಕೊಡಲಿಲ್ಲವಾ?"

ಒಂಬತ್ತು ವರ್ಷದ ಮಗಳು ಕನ್ನಡದ ಪ್ರಶ್ನೆಗೆ ಎಂದಿನಂತೆ ತನ್ನ ಇಂಗ್ಲಿಷಿನಲ್ಲಿ, "ನೋ ಪಪ್ಪಾ, ಆಂಟಿ ಟುಕ್ ದ ಚೈನ್ ಬ್ಯಾಕ್" ಎಂದಳು.

ಇವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೆಲ್ಲಗೆ ನನ್ನ ದುಪಟ್ಟಾ ಸರಿಸಿ ನೋಡಿದರು. ಒಳಗೆ ನನ್ನ ಕರಿಮಣಿ ಇತ್ತು, ಇವರೇ ಕಟ್ಟಿದ್ದು.

"ಇದು ಎಷ್ಟು ಪವನ್?" ಎಂದು ಕೇಳಿದರು. ಅಕ್ಕನನ್ನು ಕೇಳಿದ್ದ ಅದೇ ದನಿ.

"ನಮ್ಮಿಬ್ಬರ ಪಾಸ್‌ಪೋರ್ಟ್ ಕೊಡಿ" ಎಂದೆ. ಕೌಂಟರಿಗೆ ಕೊಡಲಿಕ್ಕೆ ಎಂದುಕೊಂಡು ಕೊಟ್ಟರು. ನಾನು ಮಗಳ ಕೈ ಹಿಡಿದು ಬಾಗಿಲ ಕಡೆ ನಡೆದೆ. ಹಿಂದಿನಿಂದ ಎರಡು ಸಲ ಕರೆದರು. ಆಮೇಲೆ ಕರೆಯಲಿಲ್ಲ, ಸಾಲು ಮುಂದೆ ಹೋಗುತ್ತಿತ್ತು. ಅವರಿಗೆ ಗೋವಾದಲ್ಲಿ ಕೋಣೆ ಕಾದಿರಿಸಿ ಆಗಿತ್ತು.

ಟ್ಯಾಕ್ಸಿಯಲ್ಲಿ ಖೈತಾನಿಗೆ ಮರಳಿದಾಗ ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಬಾಂಗ್ ಆಗುತ್ತಿತ್ತು. ನಮ್ಮ ಬಾಗಿಲು ತೆರೆಯದೆ ಎದುರು ಬಾಗಿಲು ತಟ್ಟಿದೆ. ಅಕ್ಕ ತೆರೆದಳು, ಕೊರಳಲ್ಲಿ ಮಗಳ ಸರ ಹಾಗೆಯೇ ಇತ್ತು. ನಾನು ಮದುವೆಯಾದಂದಿನಿಂದ ಬಿಚ್ಚದ ಕರಿಮಣಿಯನ್ನು ಬಿಚ್ಚಿ ಅವಳ ಕೈಯಲ್ಲಿಟ್ಟೆ.

"ಇದನ್ನು ಇಟ್ಟುಕೊಳ್ಳಿ ಅಕ್ಕ. ಅವರು ಬಂದು ಕೇಳಿದರೆ ಕೊಡಬೇಡಿ" ಎಂದೆ. ಅವಳು ಬೆರಳು ಮಡಚಿದಳು. ನಾನು ಆ ಮುಷ್ಟಿಯನ್ನು ಹಿಡಿದು, "ನಾನು ಬಂದು ಕೇಳಿದರೂ ಕೊಡಬೇಡಿ" ಎಂದೆ.