ಗೋಡೆಯಾಚೆಯ ಮೂವರು

ಆ ಭಾನುವಾರ ಅಕ್ಕ, ನಾನು ಇಬ್ಬರೂ ರೊಟ್ಟಿಯ ಬುಟ್ಟಿ ಹೊತ್ತು ಮುಂಬಯಿಯ ವಡಾಲದಿಂದ ದಾದರಿಗೆ ನಡೆದೇ ಹೋದೆವು. ಅರವತ್ತರ ದಶಕದ ಕೊನೆಯ ಒಂದು ಚಳಿಗಾಲ. ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಅವ್ವ, ಅಕ್ಕ ಸಾಲುಮನೆಗಳ ಚಾಳಿನಲ್ಲಿ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಜೋಳದ ರೊಟ್ಟಿ ಬಡಿದು ದಾದರಿನ ಒಂದು ಖಾನಾವಳಿಗೆ ಕೊಡುತ್ತಿದ್ದರು. ನಮ್ಮ ವಿಜಾಪುರದ ಕಡೆಯವರು ಅಲ್ಲಿಗೆ ಉಣ್ಣಲು ಬರುತ್ತಿದ್ದರು. ಅಕ್ಕನಿಗೆ ಇಪ್ಪತ್ತು, ನನಗೆ ಹದಿನೇಳು. ಅರ್ಧ ದಾರಿಯಲ್ಲಿ ಬುಟ್ಟಿಯನ್ನು ನನ್ನ ತಲೆಗೆ ದಾಟಿಸಿ ಅಕ್ಕ ನಕ್ಕಳು.

“ನೆಟ್ಟಗ ನಡಿ. ನಾಳೆ ನಿನ್ನ ಗಂಡ, ಗೂನಬೆನ್ನಿನಾಕೀನ ಕಟ್ಯಾರ ಅಂತಾನ.”

“ಮೊದಲ ನಿನ್ನ ಗಂಡನ್ನ ನೋಡ್ಕೋ. ಮಾಮಾನ ನೆತ್ತಿ ಮ್ಯಾಲ ಒಂದ ಕೂದಲಾ ಇಲ್ಲ.”

“ಇರಲಿ ಬಿಡ, ಎಣ್ಣಿ ಉಳಿತೈತಿ.”

ಅವಳನ್ನು ಅವ್ವನ ತಮ್ಮನಿಗೆ ಕೊಡುವುದೆಂದು ಊರಲ್ಲಿ ಮಾತಾಗಿತ್ತು. ಬರುವಾಗ ಒಂದು ಮೊಳ ಸೇವಂತಿಗೆ ಕೊಂಡು, ಹಲ್ಲಿನಿಂದ ದಾರ ಕಡಿದು, ದೊಡ್ಡ ತುಂಡನ್ನು ನನಗೇ ಮುಡಿಸಿದಳು.

ಮರುದಿನ ಬೆಳಿಗ್ಗೆ ಅವಳ ರೊಟ್ಟಿ ಬಡಿಯುವ ಸದ್ದು ನಡುವೆಯೇ ನಿಂತಿತು. ಕೈ ಮೇಲೆತ್ತಿ, ಗೋಡೆಯ ಕಡೆ ಕಿವಿ ಕೊಟ್ಟು ಕೂತಿದ್ದಳು.

“ಸುಮ್ಮನಿರ್ರಿ ಅಂತ ಅವರಿಗೆ ಹೇಳಿ ಬಾ.”

“ಯಾರಿಗ?”

“ಆ ಮೂವರಿಗೆ.”

ಹೋಗಿ ನೋಡಿದೆ. ಪಕ್ಕದ ಖೋಲಿಗೆ ಬೀಗ ಹಾಕಿತ್ತು. ಅಲ್ಲಿದ್ದವರು ಊರಿಗೆ ಹೋಗಿ ವಾರವಾಗಿತ್ತು.

ಮುಂದಿನ ತಿಂಗಳುಗಳಲ್ಲಿ ಅಕ್ಕ ಜಳಕ ಬಿಟ್ಟಳು, ಊಟ ಬಿಟ್ಟಳು. ಗೋಡೆಯ ಬಿರುಕಿಗೆಲ್ಲ ನಾದಿದ ಜೋಳದ ಹಿಟ್ಟನ್ನು ಮೆತ್ತುತ್ತಿದ್ದಳು, ಮಾತು ಒಳಗೆ ಬಾರದಿರಲಿ ಎಂದು. ದೇವಿ ಮೈಮೇಲೆ ಬಂದಿದ್ದಾಳೆಂದು ಅವ್ವ ಹರಕೆ ಹೊತ್ತಳು. ಮಂಗಳವಾರ ಚಾಳಿನ ಹೆಂಗಸರು ಕುಂಕುಮ ತಂದು ಅವಳ ಮುಂದೆ ಕೂರತೊಡಗಿದರು. ಒಬ್ಬಳು, “ನನ್ನ ಮಗಗ ನೌಕರಿ ಆಗತೈತೇನ ತಾಯಿ?” ಎಂದು ಕೇಳಿದಳು. ಅಕ್ಕ ದಣಿದ ದನಿಯಲ್ಲಿ, “ನನ್ನ ಯಾಕ ಕೇಳ್ತಿ ಕಾಕೂ? ಅವನ್ನ ಎಬ್ಬಿಸಿ ಕಳಸು,” ಎಂದಳು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಅವಳು ಒಳಗೆಲ್ಲೋ ಇದ್ದಾಳೆ ಎಂದು ನನಗೆ ಆಗ ಧೈರ್ಯವಾಯಿತು.

ಕೊನೆಗೆ ಅಪ್ಪ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದ. ಮನೆಯಲ್ಲಿ ಮರಾಠಿ ಸರಿಯಾಗಿ ಬರುತ್ತಿದ್ದುದು ನನಗೊಬ್ಬಳಿಗೆ. ಹೊರಡುವಾಗ ಅವ್ವ ನನ್ನನ್ನು ಮೂಲೆಯ ಬಚ್ಚಲ ಮೋರಿಯ ಹತ್ತಿರ ಕರೆದಳು.

“ಕಿವ್ಯಾಗ ಮಾತ ಕೇಳತಾವ ಅನಬ್ಯಾಡ. ನಿದ್ದಿಲ್ಲ, ಊಟಿಲ್ಲ, ಅಷ್ಟ ಹೇಳು. ಹುಚ್ಚಿ ಅಂತ ಕಾಗದದಾಗ ಬರದ್ರ ಮಾಮಾ ಒಲ್ಲೆ ಅಂತಾನ.”

ಡಾಕ್ಟರು ವಯಸ್ಸಾದವರು. ಅವಸರ ಮಾಡಲಿಲ್ಲ. ಯಾರೂ ಇಲ್ಲದಿದ್ದಾಗ ಮಾತು ಕೇಳಿಸುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದರು. ನಾನು ಅದನ್ನೇ ಕನ್ನಡದಲ್ಲಿ ಅಕ್ಕನಿಗೆ ಕೇಳಿದೆ. ಅಷ್ಟು ದಿನಗಳಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅವಳ ಮುಖ ಅರಳಿತು.

“ಹೂಂ, ಕೇಳತಾವ. ಮೂರ ಮಂದಿ. ಒಬ್ಬಾಕಿ ಅಳತಿರತಾಳ. ಉಳದ ಇಬ್ಬರು ನನಗ...”

ನಾನು ಅವಳ ಕೈ ಅದುಮಿದೆ. ಡಾಕ್ಟರ ಕಡೆ ತಿರುಗಿ, “ಇಲ್ಲವಂತೆ,” ಎಂದೆ.

ಅಷ್ಟು ಮರಾಠಿ ಅಕ್ಕನಿಗೂ ತಿಳಿಯುತ್ತಿತ್ತು. ನನ್ನ ಮುಖ ನೋಡಿದಳು. ಆಮೇಲೆ ತನ್ನ ಕಾಲು ನೋಡುತ್ತ ಕೂತಳು. ಡಾಕ್ಟರು ಟಾನಿಕ್ಕು, ನಿದ್ದೆಯ ಗುಳಿಗೆ ಬರೆದುಕೊಟ್ಟರು.

ಎರಡು ವರ್ಷ ಹಾಗೇ ಹೋದವು. ಮಾಮಾ ಬೇರೆ ಕಡೆ ಮದುವೆಯಾದ. ಒಂದು ಮಧ್ಯಾಹ್ನ ಅಕ್ಕ ಮನೆಯಿಂದ ಕಾಣೆಯಾದಳು. ಲೋಕಲ್ ರೈಲು ಹತ್ತಿ ಕೊನೆಯ ಸ್ಟೇಷನ್ ಬಾಂದ್ರಾದಲ್ಲಿ ಇಳಿದು ಬೆಂಚಿನ ಮೇಲೆ ಕೂತಿದ್ದಳಂತೆ, ಎರಡೂ ಕಿವಿಗೆ ಹಿಟ್ಟು ತುಂಬಿಕೊಂಡು. ಗುರುತಿನ ಮೀನಿನವಳೊಬ್ಬಳು ಕೈಹಿಡಿದು ಮನೆಗೆ ಕರೆತಂದಳು. ಒಣಗಿದ ಆ ಹಿಟ್ಟನ್ನು ಎಣ್ಣೆ ಬಿಟ್ಟು ನೆನೆಸಿ ನಾನು ತೆಗೆದೆ. “ಮೆಲ್ಲಕ,” ಎಂದಷ್ಟೇ ಅಂದಳು.

ಎರಡನೆಯ ಸಲ ನೋಡಿದ ಡಾಕ್ಟರು ಹೆಂಗಸು, ಮೈಸೂರಿನ ಕಡೆಯವರು. “ಬನ್ನಿಮ್ಮಾ, ಕೂತ್ಕೊಳ್ಳಿ. ಊಟ ಆಯ್ತಾ?” ಎಂದರು. ಅಕ್ಕ ನನ್ನ ಕಿವಿಯಲ್ಲಿ, “ಸಿನಿಮಾದಾಗಿನವರಂಗ ಮಾತಾಡ್ತಾರಲ್ಲ!” ಎಂದಳು. ಡಾಕ್ಟರಿಗೂ ಅದು ಕೇಳಿಸಿತು, ನಕ್ಕುಬಿಟ್ಟರು. “ತಂಗಿ ಸ್ವಲ್ಪ ಹೊರಗಿರಲಿ,” ಎಂದರು. ಬಾಗಿಲು ಮುಚ್ಚಿತು. ಬಹಳ ಹೊತ್ತು ಒಳಗಿನಿಂದ ಅಕ್ಕನ ದನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ಆಮೇಲೆ ನನ್ನನ್ನು ಕರೆದು ಹಳೆಯ ಕಾಗದ ತೋರಿಸಿದರು. “ದನಿ ಕೇಳಿಸೋದಿಲ್ಲ ಅಂತ ಬರೆದಿದೆಯಲ್ಲ?”

“ನಾನ ಹಂಗ ಹೇಳಿದ್ದೆ ಡಾಕ್ಟರಬಾಯಿ. ಆಕಿ ಹೌದು ಅಂದಿದ್ಳು.”

ಅವರು ಬೈಯಲಿಲ್ಲ. ಕಾಯಿಲೆಯ ಹೆಸರು ಸ್ಕಿಝೋಫ್ರೇನಿಯಾ ಎಂದರು. ದೇವಿಯೂ ಅಲ್ಲ, ಗಾಳಿಯೂ ಅಲ್ಲ, ಅವ್ವ ಸಾಕಿದ್ದರಲ್ಲಿ ಏನೂ ತಪ್ಪಿಲ್ಲ. ಮಿದುಳಿನ ಕೆಲಸ ಏರುಪೇರಾಗುತ್ತದೆ, ಯಾಕೆ ಎಂದು ಪೂರ್ತಿಯಾಗಿ ಯಾರಿಗೂ ತಿಳಿದಿಲ್ಲ. ಅವಳಿಗೆ ಆ ದನಿಗಳು ನಿಜವಾಗಿಯೇ ಕೇಳಿಸುತ್ತವೆ, ಸುಳ್ಳಲ್ಲ ಎಂದರು. ಮೊದಲೇ ಔಷಧಿ ಶುರುವಾಗಿದ್ದರೆ ಚೆನ್ನಾಗಿತ್ತೇ ಎಂದು ಕೇಳಿದೆ. “ಇರಬಹುದು. ಈಗಂತೂ ಬಂದಿದ್ದೀರಿ,” ಎಂದರು.

ಅವರು ಕೊಟ್ಟ ಗುಳಿಗೆಯಿಂದ ಕೆಲವು ವಾರಗಳಲ್ಲಿ ಅಕ್ಕ ಗೋಡೆಗೆ ಹಿಟ್ಟು ಮೆತ್ತುವುದನ್ನು ಬಿಟ್ಟಳು. ಆದರೆ ಕೈ ನಡುಗತೊಡಗಿತು, ಬಾಯಿ ಒಣಗುತ್ತಿತ್ತು. ನಡುಕಕ್ಕೆ ಇನ್ನೊಂದು ಗುಳಿಗೆ ಸೇರಿತು. ಮತ್ತೆ ರೊಟ್ಟಿ ಬಡಿದಳು, ನಿಧಾನವಾಗಿ. ಅಂಚು ಸೀಳಿದ ಆ ದಪ್ಪ ರೊಟ್ಟಿ ಖಾನಾವಳಿಗೆ ನಡೆಯುತ್ತಿರಲಿಲ್ಲ, ನಾವೇ ತಿನ್ನುತ್ತಿದ್ದೆವು. ಅಪ್ಪ ಕೆಲಸಕ್ಕೆ ಒಯ್ಯುವ ಡಬ್ಬಿಗೆ ಅದನ್ನೇ ಕೇಳುತ್ತಿದ್ದ.

ಹೀಗೆ ಏಳು ವರ್ಷ ನಡೆಯಿತು. ನಾನೊಂದು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸಕ್ಕೆ ಸೇರಿದ್ದೆ. ಸಂಜೆ ಬಂದು ಅವಳ ತಲೆ ಬಾಚುತ್ತಿದ್ದೆ. ಕೆಲವೊಮ್ಮೆ ಅವಳು ಕತ್ತು ವಾಲಿಸಿ ಗೋಡೆಯ ಕಡೆ ಕಿವಿ ಕೊಡುತ್ತಿದ್ದಳು. “ಗುಳಿಗಿ ತಗೊಂಡೀ?” ಎಂದು ಕೇಳುತ್ತಿದ್ದೆ. “ತಗೊಂಡೇನಿ,” ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ. ಕೇಳಿದರೆ ಆಸ್ಪತ್ರೆಯಲ್ಲಿ ಆ ದಿನ ನಾನು ಹೇಳಿದ ‘ಇಲ್ಲ’ ನಮ್ಮಿಬ್ಬರ ನಡುವೆ ಬರುತ್ತದೆಂದು ಹೆದರುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ಒಂದು ಮಳೆಗಾಲದಲ್ಲಿ ಅವಳಿಗೆ ಕಾಮಾಲೆಯಾಯಿತು. ಒಂಬತ್ತೇ ದಿನದಲ್ಲಿ ತೀರಿಕೊಂಡಳು. ಕೊನೆಯ ಮಧ್ಯಾಹ್ನ ನನ್ನ ಕೈ ಹಿಡಿದು ಮಲಗಿದ್ದಳು. ಆಸ್ಪತ್ರೆಯಲ್ಲಿ ನಾನು ಅದುಮಿದ ಕೈಯೇ ಅದು.

ಅಷ್ಟರಲ್ಲಿ ಡಾಕ್ಟರಮ್ಮ ಬೇರೆ ಊರಿಗೆ ಹೋಗಿದ್ದರು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಒಳಗೆ ಹೇಳಿದ್ದನ್ನು ಕೇಳಿದವರು ಅವರೊಬ್ಬರೇ.

ಒಬ್ಬಳು ಅಳುತ್ತಿದ್ದಳು. ಉಳಿದ ಇಬ್ಬರು ಅಕ್ಕನಿಗೆ ಏನು ಹೇಳುತ್ತಿದ್ದರೋ, ಅದು ನನಗೆ ಗೊತ್ತಿಲ್ಲ.