ಕುಬೇರಪ್ಪನ ಎರಡು ನಿಶಾನಿ

ಮುಗದ ಊರಿನ ಕುಬೇರಪ್ಪನ ಮುತ್ತಜ್ಜ ಶಿವಯೋಗೆಪ್ಪ ಕೆರೆಯ ಕೆಳಗಿನ ಜವಳು ನೆಲವನ್ನು ಹಸನು ಮಾಡಿ ಹೊಲ ಅನ್ನಿಸಿದವನು. ಅಜ್ಜ ಚನ್ನವೀರಪ್ಪ ಹಾಯುವ ಎತ್ತನ್ನೂ ಹಗ್ಗಕ್ಕೆ ತಂದವನು. ಅವನು ಪಳಗಿಸಿದ ಜೋಡಿಯನ್ನು ಧಾರವಾಡದ ಸಂತೆಯಲ್ಲಿ ಹಲ್ಲು ನೋಡದೆ ಕೊಳ್ಳುತ್ತಿದ್ದರು. ತಂದೆ ರುದ್ರಪ್ಪ ಕೂರಿಗೆ ಹಿಡಿದು ಬಿತ್ತಿದರೆ ಸಾಲು ನೂಲು ಎಳೆದಂತೆ ಹೋಗುತ್ತಿತ್ತು. ಅವನ ಕಾಲದಿಂದ ಆ ಭಾಗದಲ್ಲೊಂದು ಪದ್ಧತಿ: ಭತ್ತ ಬಿತ್ತುವಾಗ ಮೊದಲ ಸಾಲು ಆ ಮನೆಯವರದು. ಆಚೆ ಬದುವಿನ ಮೇಲೆ ಗೂಟ ನೆಟ್ಟು ಬಿಳಿ ಅರಿವೆ ಕಟ್ಟುತ್ತಾರೆ. ಆ ನಿಶಾನಿಯನ್ನು ಎರಡೆತ್ತಿನ ನಡುವೆ ಕಣ್ಣಲ್ಲಿ ಹಿಡಿದುಕೊಂಡು ಕೂರಿಗೆ ಹೊಡೆಯಬೇಕು. ಉಳಿದವರು ಆ ಸಾಲು ನೋಡಿಕೊಂಡು ತಮ್ಮದನ್ನು ಹಿಡಿಯುತ್ತಾರೆ. ಈಗ ಅರ್ಧ ಊರಿಗೆ ಟ್ರ್ಯಾಕ್ಟರ್ ಬಂದಿದೆ, ಆದರೂ ಮೊದಲ ಸಾಲು ಕುಬೇರಪ್ಪನ ಕೈಯಲ್ಲೇ ಉಳಿದಿದೆ.

ಈ ವರ್ಷ ರೋಹಿಣಿ ಮಳೆ ಹತ್ತಿರ ಬಂದಾಗ, ಒಂದು ಮುಂಜಾನೆ ಕುಬೇರಪ್ಪ ಎತ್ತು ಕಟ್ಟಲು ಹೋಗಿ ಇಲ್ಲದ ಗೂಟಕ್ಕೆ ಹಗ್ಗ ಸುತ್ತಿದ. ಎತ್ತು ಹಾಯಾಗಿ ನಡೆದುಹೋಗಿ ನೆರೆಮನೆಯ ನಮ್ಮ ಬಣವೆಗೆ ಬಾಯಿ ಹಾಕಿತು. ಹೆಂಡತಿ ಶಿವಬಸವ್ವ ಬಂದು ನೋಡಿದಳು.

"ಗೂಟ ಎಲ್ಲೈತಿ, ನೀವೆಲ್ಲಿ ನಿಂತೀರಿ?"

"ಎರಡು ಅದಾವಲ್ಲ. ಒಂದಕ್ಕ ಕಟ್ಟೇನಿ."

"ಇದ್ದದ್ದು ಬಿಟ್ಟು ಇಲ್ಲದ್ದು ಆರಿಸ್ಕೊಂಡೀರಿ. ನನ್ನೂ ಹಂಗ ಆರಿಸಿದ್ರೇನು?"

ಅವಳು ನಕ್ಕಳು, ಅವನು ನಗಲಿಲ್ಲ. ಬಲಗಣ್ಣು ಮುಚ್ಚಿದ, ಗೂಟ ಒಂದು. ಎಡಗಣ್ಣು ಮುಚ್ಚಿದ, ಆಗಲೂ ಒಂದು. ಎರಡೂ ತೆರೆದರೆ ಮತ್ತೆ ಎರಡು. ಒಂಟಿಯಾಗಿ ಕೇಳಿದರೆ ಎರಡೂ ಕಣ್ಣು ನೆಟ್ಟಗೆ ಸಾಕ್ಷಿ ಹೇಳುತ್ತವೆ, ಕೂಡಿಸಿ ಕೇಳಿದರೆ ತಕರಾರು ತೆಗೆಯುತ್ತವೆ. ಇಡೀ ದಿನ ಹೀಗೆ ಕಣ್ಣು ಮುಚ್ಚಿ ತೆಗೆದು ಮಾಡಿ ತಲೆ ಸುತ್ತು ಬಂದು ಕುಳಿತ. ಬಿತ್ತಿಗೆ ಎದುರಿಗಿತ್ತು. ನಾನೇ ಅವನನ್ನು ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದೆ.

ಡಾಕ್ಟರ್ ರಾಜೇಶ್ವರಿ ಸಮಾಧಾನದ ಹೆಣ್ಣುಮಗಳು. ಕುಬೇರಪ್ಪ ಅವರಿಗೆ ಒಂದೇ ಮಾತು ಕೇಳಿದ: "ಎರಡ್ರಾಗ ಖರೇದು ಯಾವುದು? ಅಷ್ಟು ಹೇಳ್ರಿ, ಸಾಕು."

"ಎರಡೂ ಖರೇನರೀ, ಅಜ್ಜಾರ."

ಆಮೇಲೆ ಬಿಡಿಸಿ ಹೇಳಿದರು. ಒಂದೊಂದು ಕಣ್ಣೂ ತಾನಿರುವ ಜಾಗದಿಂದ ನೋಡುತ್ತದೆ, ಆದ್ದರಿಂದ ಎರಡರ ಚಿತ್ರಗಳಲ್ಲಿ ತುಸು ಫರಕು ಇರುತ್ತದೆ. ಮಿದುಳು ಎರಡನ್ನೂ ಕೂಡಿಸಿ ಒಂದು ಮಾಡುತ್ತದೆ. ಆ ಫರಕಿನಿಂದಲೇ ಯಾವುದು ಹತ್ತಿರ, ಯಾವುದು ದೂರ ಎಂದು ಅಳೆಯುತ್ತದೆ. ಆದರೆ ಎರಡು ಕಣ್ಣೂ ಒಂದೇ ಕಡೆ ತಿರುಗಿರಬೇಕು. ಇವನ ಎಡಗಣ್ಣನ್ನು ಹೊರಕ್ಕೆ ಎಳೆಯುವ ನರ ಸಕ್ಕರೆ ರೋಗದಿಂದ ಸೋತಿದೆ, ಕಣ್ಣು ಒಳಕ್ಕೆ ವಾಲಿದೆ, ಚಿತ್ರಗಳು ಕೂಡುತ್ತಿಲ್ಲ. ಸಕ್ಕರೆ ಹಿಡಿತದಲ್ಲಿಟ್ಟರೆ ಬಹಳ ಮಾಡಿ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಅಲ್ಲಿತನಕ ಒಂದು ಕಣ್ಣಿಗೆ ಪಟ್ಟಿ.

ಸುಲಭವಾಗಲೆಂದು ಮೂಗಿನ ಮುಂದೆ ಬೆರಳು ಹಿಡಿದು ದೂರದ ಗೋಡೆ ನೋಡಲು ನನಗೆ ಹೇಳಿದರು. ಬೆರಳು ಎರಡಾಯಿತು. ತಮಗೂ ಹಾಗೇ ಕಾಣುತ್ತದೆ ಎಂದರು.

ಕುಬೇರಪ್ಪ ನಮ್ಮಿಬ್ಬರನ್ನೂ ನೋಡಿದ. "ಎಲ್ಲಾರಿಗೂ ಎರಡು ಕಾಣತಾವಂದ್ರ ಪಟ್ಟಿ ನನಗೊಬ್ಬನಿಗೆ ಯಾಕ್ರಿ?"

ನಮಗೆ ಎರಡಾಗುವುದು ನಾವು ಲಕ್ಷ್ಯ ಕೊಡದ ವಸ್ತು, ನಿಮಗೆ ಎರಡಾಗುವುದು ನೀವು ನೋಡುತ್ತಿರುವ ವಸ್ತು ಎಂದು ಅವರು ಅಂದರು. ಅವನು ಹೂಂಗುಟ್ಟಿದ. ತಿಳಿದು ಹೂಂ ಅಂದದ್ದಲ್ಲ.

ಊರಿಗೆ ಮರಳುವಾಗ ಬಸ್ಸು ಉಣಕಲ್ ದಾಟುತ್ತಲೇ ಅವನು ನನ್ನ ಕಡೆ ತಿರುಗಿದ. ಆಮೇಲೆ ಅಂದ: "ಎರಡೆತ್ತು ಕೂಡಿ ಒಂದ ಸಾಲು ಹೊಡೀತಾವು, ಅದು ತಿಳೀತು. ಎಡಗೋಲಿನ ಎತ್ತು ಕುಂಟಾಕತ್ತೈತಿ, ಅದೂ ತಿಳೀತು. ಆದ್ರ ಇಷ್ಟು ವರ್ಷ ಒಳಗ ಕುಂತು ಎರಡನ್ನ ಒಂದ ಮಾಡಿ ತೋರಿಸಾಂವ, ನನಗ ಒಂದ ಮಾತು ಹೇಳಬಾರದಾಗಿತ್ತೇನು? ನಮ್ಮಪ್ಪ ನೋಡಿದ್ದು ಒಂದ ನಿಶಾನಿಯೋ, ಎರಡೋ?"



ಪಟ್ಟಿ ಕಟ್ಟಿದ ಮೇಲೆ ವಸ್ತುಗಳು ಒಂದಾದವು, ಆದರೆ ಅಳತೆ ತಪ್ಪಿತು. ಕಪ್ಪಿನ ಚಹಾವನ್ನು ಬಸಿಯ ಆಚೆ ನೆಲಕ್ಕೆ ಸುರಿದ. ಬಾಗಿಲ ಹೊಸ್ತಿಲನ್ನು ಕಾಲಿನಿಂದ ತಡವಿ ದಾಟತೊಡಗಿದ.

ಬಿತ್ತಿಗೆಯ ದಿನ ಬದುವಿನುದ್ದಕ್ಕೂ ಜನ ನಿಂತಿದ್ದರು. ಶಿವಬಸವ್ವ ಉಡಿಯಲ್ಲಿ ಬೀಜ ತುಂಬಿಕೊಂಡು ಕೂರಿಗೆಯ ಮಗ್ಗುಲಿಗೆ ಬಂದಳು. ಕುಬೇರಪ್ಪ ಎಡಗಣ್ಣಿನ ಮೇಲೆ ಪಟ್ಟಿ ಇಟ್ಟು ನೋಡಿದ. ನಿಶಾನಿ ಬಲಗಡೆಯ ಎತ್ತಿನತ್ತ ಸರಿಯಿತು. ಪಟ್ಟಿ ಬಲಗಣ್ಣಿಗೆ ಬದಲಿಸಿದ. ಎಡಗಡೆಯ ಎತ್ತಿನತ್ತ ಬಂತು. ಮತ್ತೆ ಎಡಗಣ್ಣಿಗೇ ತಂದ. ನಟ್ಟನಡುವೆ ಎನ್ನುವುದು ಎಲ್ಲಿ ಹೋಯಿತೋ ಅವನಿಗೆ ಹೊಳೆಯಲಿಲ್ಲ. ಜನ ಗುಸುಗುಸು ಮಾಡತೊಡಗಿದರು.

ತಮ್ಮನ ಮಗ ಬಸವಪ್ರಭು ಮುಂದೆ ಬಂದು ಎತ್ತಿನ ಹಗ್ಗ ಹಿಡಿದ. ತಾನು ನಿಶಾನಿ ನೋಡುತ್ತ ಮುಂದೆ ನಡೆಯುತ್ತೇನೆ, ದೊಡ್ಡಪ್ಪ ಹಿಂದೆ ಕೂರಿಗೆ ಹಿಡಿದು ಬಂದರೆ ಸಾಕು, ಯಾರೂ ಏನೂ ಅನ್ನುವುದಿಲ್ಲ ಎಂದ.

ಕುಬೇರಪ್ಪ ಕೂರಿಗೆಯನ್ನು ಬಿಗಿಯಾಗಿ ಹಿಡಿದುಕೊಂಡ. ಆಮೇಲೆ ಅಂದ:

"ಹಗ್ಗ ಬಿಡಪಾ. ನೀ ಮುಂದ ನಡದ್ರ ನಾ ನಿನ್ನ ಬೆನ್ನು ನೋಡಿ ಹೊಡೀಬೇಕಾಕೈತಿ. ಆಗ ಸಾಲು ನಿಂದಾತು. ನಡು ಎಲ್ಲೈತಂತ ನನಗೂ ತಿಳೀವಲ್ದು, ಖರೇ. ಸೊಟ್ಟ ಬಂದ್ರ ಊರಾಗಿನವರು ಇದನ್ನ ನೋಡಿ ಹಿಡಿಯೂದು ಬ್ಯಾಡ, ಎರಡನೇ ಸಾಲು ನೀ ನೆಟ್ಟಗ ಹಿಡೀ, ಅದನ್ನ ನೋಡ್ಲಿ. ಇದೊಂದು ನಂದು. ಹೋಗು, ಬದುವಿನ ಮ್ಯಾಲ ಕುಂದ್ರು."