ಇಲಿ ತಿಂದ ನಾಯಿಗೆ ಔಷಧಿ ಒಯ್ದದ್ದು

ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಹೊರಬರುವಾಗ ತಮ್ಮ ಕೊಟ್ರೇಶನ ಫೋನ್ ಬಂತು. ಅವನು ಕೂಡ್ಲಿಗಿ ಹತ್ತಿರ ಹೊಲ ಮಾಡಿಕೊಂಡು ಕುರಿ ಸಾಕಿದ್ದಾನೆ.

"ಅಕ್ಕಾ, ರಾಜಾನ ಬಾಯಾಗ ರಕ್ತ ಬರಾಕತ್ತೈತಿ. ಸತ್ತ ಇಲಿ ತಿಂದಾನ. ಡಾಕ್ಟ್ರು ಬರೆದ ಇಂಜೆಕ್ಷನ್ ಇಲ್ಲಿ ಸಿಗವಲ್ದು."

ರಾಜಾ ಕುರಿಹಟ್ಟಿ ಕಾಯುವ ನಾಯಿ. ಮೆಕ್ಕೆಜೋಳಕ್ಕೆ ಇಲಿ ಬಿದ್ದವೆಂದು ವಾರದ ಹಿಂದೆ ಬದುವಿನುದ್ದಕ್ಕೂ ವಿಷದ ಬಿಲ್ಲೆ ಇಟ್ಟವನು ಕೊಟ್ರೇಶನೇ.

ಅವನು ಫೋನಿಗೆ ಕಳಿಸಿದ ಚೀಟಿ ತೋರಿಸುತ್ತ ಅಲೆದೆ, ನಮ್ಮ ಹರಪನಹಳ್ಳಿಯ ಮೂರನೇ ಅಂಗಡಿಯಲ್ಲಿ ಔಷಧಿ ಸಿಕ್ಕಿತು. ಬೆಳಕು ತಾಗಬಾರದೆಂದು ಅಂಗಡಿಯವರು ಕಪ್ಪು ಕಾಗದ ಸುತ್ತಿಕೊಟ್ಟರು. ಕೊಟ್ಟೂರಿನ ಬಸ್ಸಿನಲ್ಲಿ ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದೆ. ಬಸ್ಸು ತುಂಬಿತ್ತು. ವಯಸ್ಸಾದ ಹೆಂಗಸೊಬ್ಬರು ಸರಿದು ಜಾಗ ಕೊಟ್ಟು, "ಯಾರಿಗೆ ಹುಷಾರಿಲ್ಲವ್ವಾ?" ಎಂದರು. ನಗುತ್ತಾರೇನೋ ಎಂದುಕೊಂಡೇ ನಾಯಿಯ ವಿಷಯ ಹೇಳಿದೆ. ಅವರು ನಗಲಿಲ್ಲ.

"ನಮ್ಮ ಬೆಕ್ಕೂ ಹಿಂಗ ಹೋತು. ಆಮ್ಯಾಲೆ ಇಲಿ ಮೊದಲಿಗಿಂತ ಜಾಸ್ತಿ ಆದ್ವು."

ನಾನು ಜೀವಶಾಸ್ತ್ರ ಹೇಳಿಕೊಡುವವಳು. ಬಿಸಿಲಿನ ಶಕ್ತಿ ಜೋಳಕ್ಕೆ, ಜೋಳದಿಂದ ಇಲಿಗೆ, ಇಲಿಯಿಂದ ಗೂಬೆಗೆ ಎಂದು ವರ್ಷವರ್ಷ ಬೋರ್ಡಿನ ಮೇಲೆ ಬಾಣ ಎಳೆಯುತ್ತೇನೆ. ಪ್ರತಿ ಮೆಟ್ಟಿಲಲ್ಲೂ ಬಹುಪಾಲು ಶಕ್ತಿ ಕಳೆದುಹೋಗುತ್ತದೆ. ಅದಕ್ಕೇ ಹೊಲದ ತುಂಬ ಜೋಳ, ಲೆಕ್ಕವಿಲ್ಲದಷ್ಟು ಇಲಿ, ಆದರೆ ಗೂಬೆ ಎರಡೇ. ಈ ವಿಷ ಮಾತ್ರ ಹಾಗೆ ಕಳೆಯುವುದಿಲ್ಲ, ತಿಂದವರ ಮೈಯಲ್ಲಿ ಕೂಡುತ್ತ ಹೋಗುತ್ತದೆ. ಬಾಣ ಎಳೆಯುವ ನಾನು ಇದನ್ನು ತಮ್ಮನಿಗೆ ಒಮ್ಮೆಯೂ ಹೇಳಿರಲಿಲ್ಲ.

ಕೊಟ್ಟೂರಿನಲ್ಲಿ ಕೂಡ್ಲಿಗಿ ಬಸ್ಸಿಗೆ ಮುಕ್ಕಾಲು ತಾಸು ಕಾದೆ. ಮಂಡಕ್ಕಿ ಮಿರ್ಚಿ ಕೊಂಡು ಅರ್ಧಕ್ಕೇ ಬಿಟ್ಟೆ. ಕೊಟ್ರೇಶ ಫೋನ್ ಎತ್ತುತ್ತಿರಲಿಲ್ಲ. ಎರಡನೇ ಬಸ್ಸಿನಲ್ಲಿ ಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತೆ.

ಕೂಡ್ಲಿಗಿಯಲ್ಲಿ ಕೊಟ್ರೇಶ ಬೈಕು ಹಿಡಿದು ನಿಂತಿದ್ದ. ಹೊಲ ಮುಟ್ಟಿದಾಗ ನಾಯಿ ಚಪ್ಪರದ ಕೆಳಗೆ ಮಲಗಿತ್ತು, ರಕ್ತ ಹೋಗಿ ಒಸಡು ಬೆಳ್ಳಗಾಗಿತ್ತು. ಅಲ್ಲೇ ಕಾದಿದ್ದ ಡಾಕ್ಟರು ಸೂಜಿ ಚುಚ್ಚಿ, "ಇನ್ನೂ ಮೂರ್ನಾಲ್ಕು ವಾರ ಮಾತ್ರೆ ಹಾಕ್ಬೇಕ್ರಿ. ಇವತ್ತು ದಾಟಿದ್ರ ನೋಡೋಣ," ಎಂದು ಹೋದರು.

"ನಾನ ಕೈಯಾರೆ ಕೊಂದಂಗಾತು ಅಕ್ಕಾ," ಎಂದ ಕೊಟ್ರೇಶ.

ಅವನ ಹೊಲದಂಚಿನ ಹುಣಸೆಮರದ ಪೊಟರೆಯಲ್ಲಿದ್ದ ಎರಡು ಗೂಬೆಗಳ ಬಗ್ಗೆ ಕೇಳಿದೆ.

"ಒಂದು ನಿನ್ನೆ ಬುಡದಾಗ ಸತ್ತು ಬಿದ್ದಿತ್ತು. ಇನ್ನೊಂದು ಕಂಡಿಲ್ಲ."

ಮರುದಿನ ಬೆಳಿಗ್ಗೆ ರಾಜಾ ತಲೆ ಎತ್ತಿ ಒಂದಿಷ್ಟು ಹಾಲು ನೆಕ್ಕಿತು. ಕೊಟ್ರೇಶ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಮುಖ ಒರೆಸಿಕೊಂಡ. ಉಳಿದ ಬಿಲ್ಲೆ, ಸತ್ತ ಇಲಿ ಎಲ್ಲ ಆರಿಸಿ ಆಳವಾಗಿ ಹೂಳಲು ಹೇಳಿ ನಾನು ರಸ್ತೆಗೆ ಬಂದು ಬಸ್ಸು ಹತ್ತಿದೆ.

ಕಿಟಕಿಯಿಂದ ಹೊಲ ಕಂಡಿತು. ಅವನು ಬುಟ್ಟಿ ಹಿಡಿದು ಬದುವಿನಲ್ಲಿ ಬಗ್ಗಿ ಹುಡುಕುತ್ತಿದ್ದ. ಮೇಲೆ ಎರಡು ಹದ್ದು ಸುತ್ತುತ್ತಿದ್ದವು. ಒಂದು ರೆಕ್ಕೆ ಮಡಚಿ ಹೊಲದ ಆಚೆ ತುದಿಗೆ ಇಳಿಯಿತು, ಅಲ್ಲೂ ಸತ್ತ ಇಲಿ ಬಿದ್ದಿರಬೇಕು. ಕೊಟ್ರೇಶ ಬುಟ್ಟಿ ಬಿಸಾಕಿ, ಕೈ ಬೀಸುತ್ತ ಅತ್ತ ಓಡಿದ. ಹದ್ದು ಕಚ್ಚಿಕೊಳ್ಳುವ ಮೊದಲು ಅಲ್ಲಿಗೆ ಮುಟ್ಟಿದನೋ ಇಲ್ಲವೋ ಕಾಣಲಿಲ್ಲ, ಬಸ್ಸು ತಿರುವು ದಾಟಿತ್ತು.